ಕ್ಯಾಥೆಟರ್ ಮತ್ತು ಮಹಿಳೆಯರ ಮೂತ್ರವಿಸರ್ಜನೆ

ಮೂತ್ರಕೋಶದಲ್ಲಿ ನಿಂತ ಮೂತ್ರವನ್ನು ಹೊರಗೆ ಹರಿಸಲು ಮೂತ್ರನಾಳದಲ್ಲಿ ಕೂರಿಸುವ ಕೊಳವೆಯೇ ಕ್ಯಾಥೆಟರ್. ಆಡುಮಾತಿನಲ್ಲಿ ಮೂತ್ರದ ಪೈಪು. ಮಹಿಳೆಯರಲ್ಲಿ ಇದರ ಬಳಕೆ ಹೆಚ್ಚಾಗಿ ಸಿಸೇರಿಯನ್, ಗರ್ಭಕೋಶದ ಶಸ್ತ್ರಕ್ರಿಯೆ ಹಾಗೂ ತ್ರಾಸದಾಯಕ ಹೆರಿಗೆಗಳಲ್ಲಿ.

ಕ್ರಿಯೆ
ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದ. ಹೀಗಾಗಿ ಪೈಪು ಸುಲಭವಾಗಿ ಏರುತ್ತದೆ, ರೋಗಾಣುಗಳೂ ಅಷ್ಟೇ ಸುಲಭವಾಗಿ ಏರುತ್ತವೆ. ಪೈಪು ಒಳಗಿರುವ ಪ್ರತಿದಿನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ 3ರಿಂದ 7. ಮೂತ್ರಕೋಶ ಸದಾ ಬರಿದಾಗುತ್ತಿರುವುದರಿಂದ ಅದರ ಸ್ನಾಯುವಿಗೆ ಹಿಗ್ಗುವ, ಕುಗ್ಗುವ ಕೆಲಸ ಇರುವುದಿಲ್ಲ. ಒಳಗೇ ನಿಲ್ಲಲು ಬಲೂನು ಇರುವ ಫೋಲಿ ಕ್ಯಾಥೆಟರಿನಲ್ಲಿ ರಂಧ್ರ ಆ ಬಲೂನಿಗಿಂತ ಮೇಲಿರುವ ಕಾರಣ ತಳದಲ್ಲಿ ಸ್ವಲ್ಪ ಮೂತ್ರ ಉಳಿಯುವುದೂ ಉಂಟು.

ಇತಿಹಾಸ
ಸುಶ್ರುತಸಂಹಿತೆಯ ಯಂತ್ರಗಳಲ್ಲಿ ಮಾಲತಿ ಹೂವಿನ ತೊಟ್ಟಿನ ತುದಿಯಷ್ಟು ಗಾತ್ರದ, ಮೂತ್ರಮಾರ್ಗ ಶೋಧಿಸುವ ಶಲಾಕೆ (ಕಡ್ಡಿ) ಒಂದಿದೆ. ಅದನ್ನು ಇಂದಿನ ಕ್ಯಾಥೆಟರಿಗೆ ಸಮ ಎನ್ನುವುದು ಆತುರವಾದೀತು. ಗಾತ್ರದ ಫ್ರೆಂಚ್ ಮಾಪನ 19ನೇ ಶತಮಾನದ ಪ್ಯಾರಿಸ್ಸಿನ ಉಪಕರಣ ತಯಾರಕ ಶಾರಿಯೇರನದು: 3 ಅಂಕಕ್ಕೆ 1 ಮಿ.ಮೀ. ವ್ಯಾಸ. ಮಹಿಳೆಯರಿಗೆ ಸಾಮಾನ್ಯವಾಗಿ 12 ಅಥವಾ 14. ಹಸಿರು ತುದಿಯದು 14. ಬಲೂನು ಉಬ್ಬಿಸಿ ಒಳಗೇ ನಿಲ್ಲಿಸುವ ಮಾದರಿಯನ್ನು 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ರೂಪಿಸಿದ. ದಿನಕ್ಕೆ ಕೆಲವು ಸಲ ಮಾತ್ರ ಪೈಪು ಹಾಕಿ ತೆಗೆಯುವ, ರೋಗಿಯೇ ಮಾಡಿಕೊಳ್ಳಬಹುದಾದ ಶುಚಿ ವಿಧಾನವನ್ನು 1972ರಲ್ಲಿ ಜ್ಯಾಕ್ ಲ್ಯಾಪಿಡಿಸ್ ಮುಂದಿಟ್ಟ. ಕೋಶ ಹಿಗ್ಗಿ ನಿಲ್ಲುವುದೇ ಸೋಂಕಿಗೆ ದೊಡ್ಡ ಕಾರಣ ಎಂಬುದು ಅವನ ವಾದ.

ತೆಗೆದ ನಂತರ
ಬೆನ್ನಿಗೆ ಕೊಟ್ಟ ಅರಿವಳಿಕೆ, ಹೆರಿಗೆಯಲ್ಲಿ ನರಗಳಿಗಾದ ಒತ್ತಡ, ಹೊಲಿಗೆಯ ನೋವು ಇವುಗಳಿಂದ ಮೂತ್ರ ಕಟ್ಟಬಹುದು. ಪೈಪು ತೆಗೆದ 6 ಗಂಟೆಯೊಳಗೆ ಮೂತ್ರ ಆಗದಿದ್ದರೆ ತಡಮಾಡದೆ ಪರೀಕ್ಷಿಸಬೇಕು. ತುಂಬಿದ ಕೋಶದಿಂದ ಸೋರುವ ಹನಿಗಳನ್ನೇ ವಿಸರ್ಜನೆಯೆಂದು ಎಣಿಸಿ ಮೋಸಹೋಗುವುದು ಹೊಸತಲ್ಲ. ಬಾಣಂತಿಯಲ್ಲಿ ವಿಸರ್ಜನೆಯ ನಂತರವೂ 150 ಮಿ.ಲೀ.ಗಿಂತ ಹೆಚ್ಚು ಉಳಿದರೆ ಕೋಶ ಸರಿಯಾಗಿ ಖಾಲಿಯಾಗುತ್ತಿಲ್ಲವೆಂದು ಪರಿಗಣಿಸುವುದು ರೂಢಿ. ಅತಿಯಾಗಿ ಹಿಗ್ಗಿದ ಸ್ನಾಯು ದೀರ್ಘಕಾಲ ಸೋಲಬಹುದು. ತೆಗೆಯುವ ಮುನ್ನ ಪೈಪಿಗೆ ಕ್ಲಿಪ್ ಹಾಕಿ ಕೋಶಕ್ಕೆ ತಾಲೀಮು ಕೊಡುವ ಹಳೆಯ ಪದ್ಧತಿಯಿಂದ ಪ್ರಯೋಜನ ಕಂಡಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ
ಬೆಳಗಾವಿ ಜಿಲ್ಲೆಯ ಈ ಮೂರೂ ತಾಲ್ಲೂಕುಗಳಿಗೆ ಬಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರುವುದು ಬೆಳಗಾವಿ ನಗರದಲ್ಲಿ. ಆದರೆ ಮೂತ್ರ ಕಟ್ಟಿರುವುದರ ಮೊದಲ ಪತ್ತೆಗೆ ಅಲ್ಲಿಯವರೆಗೆ ಹೋಗಬೇಕಿಲ್ಲ. ಪೈಪು ತೆಗೆದ ವೇಳೆ, ಮೊದಲ ವಿಸರ್ಜನೆಯ ವೇಳೆ ಮತ್ತು ಪ್ರಮಾಣವನ್ನು ಕೇಸ್ ಶೀಟಿನಲ್ಲಿ ಬರೆದಿಟ್ಟು, ಉಳಿಕೆಯನ್ನು ಸ್ಕ್ಯಾನ್‌ನಿಂದಲೋ ಒಮ್ಮೆ ಪೈಪು ಹಾಕಿಯೋ ಅಳೆದರೆ ಹೆಚ್ಚಿನ ತೊಡಕುಗಳು ಹೆರಿಗೆ ವಾರ್ಡಿನಲ್ಲೇ ಗೊತ್ತಾಗುತ್ತವೆ.