ಕಡತದಿಂದ ಪರದೆಯವರೆಗೆ: ಎದ್ದು ಹೋಗುವ ಮುನ್ನ ಹಾಕುವ ಬೀಗ



ಇಂದಿನ ಮಾತಿನ ವಿಷಯ ಬಹಳ ಸಣ್ಣದು. ಕುರ್ಚಿಯಿಂದ ಎದ್ದಾಗ ಕಂಪ್ಯೂಟರ್ ಪರದೆಗೆ ಬೀಗ ಹಾಕುವುದು. ಕಾಫಿಗೆ ಹೊರಡುವ ಮುನ್ನ ಎರಡು ಕೀ ಒತ್ತಿದರೆ ಮುಗಿಯಿತು. ಇದನ್ನು ಕಂಪನಿಯ ಕಿರಿಕಿರಿ ಎಂದೋ, ಪಕ್ಕದವರ ಮೇಲಿನ ಅಪನಂಬಿಕೆ ಎಂದೋ ಭಾವಿಸುವವರು ನಮ್ಮಲ್ಲಿ ಅನೇಕರು. ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವ ನನಗೆ ಅದು ಬೇರೆಯಾಗಿ ಕಾಣುತ್ತದೆ. ಕಳ್ಳನನ್ನು ಹೊರಗಿಡುವುದಕ್ಕಿಂತ ಹೆಚ್ಚಾಗಿ, 'ಇದನ್ನು ಬರೆದವರು ಯಾರು?' ಎಂಬ ಹಳೆಯ ಪ್ರಶ್ನೆಗೆ ಉತ್ತರ ಉಳಿಸಿಕೊಳ್ಳುವ ಕ್ರಮ ಅದು. ಆ ಪ್ರಶ್ನೆಯ ಚರಿತ್ರೆಯನ್ನು ಸಂಕ್ಷಿಪ್ತವಾಗಿ ನಿಮ್ಮ ಮುಂದಿಡುತ್ತೇನೆ.

ನಮ್ಮ ನಾಡಿನಿಂದಲೇ ಆರಂಭಿಸೋಣ. ಫೈಲಿಗೆ ನಾವು ಇಂದು ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ವರ್ತಕರೂ ಶಾನುಭೋಗರೂ ಅದರಲ್ಲಿ ಲೆಕ್ಕ ಇಡುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಾದರೆ ಲೆಕ್ಕಕ್ಕೆ ಭದ್ರತೆ ಏನು? ಬರೆಯುವ ಕೈ ಯಾರದೆಂದು ಊರಿಗೆ ಗೊತ್ತಿತ್ತು, ಅಷ್ಟೆ. ಅದೇ ಆ ವ್ಯವಸ್ಥೆಯ ಬಲ, ಅದೇ ದೌರ್ಬಲ್ಯ. ಜಮೀನಿನ ಲೆಕ್ಕವೆಲ್ಲ ಒಂದು ಮನೆತನದ ಕೈಯಲ್ಲಿ ಉಳಿಯುತ್ತಿತ್ತು. 1961ರ ಮೈಸೂರು ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ವಂಶಪಾರಂಪರ್ಯವನ್ನು ಮುಗಿಸಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಅದೇ 1961ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿತು. ಯಂತ್ರ ಒಂದು, ಬಳಸುವವರು ಅನೇಕರು. ಪ್ರತಿಯೊಬ್ಬರಿಗೂ ಇಂತಿಷ್ಟು ಗಂಟೆ, ಅವರವರದೇ ಕಡತಗಳು. ಕಂಪ್ಯೂಟರ್ ಪಾಸ್‌ವರ್ಡ್ ಬಳಕೆಗೆ ಬಂದದ್ದು ಇಲ್ಲಿ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ 4 ಗಂಟೆ ಸಾಲಲಿಲ್ಲ. 1962ರಲ್ಲಿ ಅವರು ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ಗಮನಿಸಿ, ಅಲ್ಲಿ ಕಳುವಾದದ್ದು ರಹಸ್ಯವಲ್ಲ. ಒಬ್ಬರ ಖರ್ಚು ಇನ್ನೊಬ್ಬರ ಖಾತೆಗೆ ಬಿತ್ತು. ಬ್ಯಾಂಕಿನದೂ ಖಾತೆ, ಜಮೀನಿನದೂ ಖಾತೆ, ಕಂಪ್ಯೂಟರಿನದೂ ಖಾತೆ ಎನ್ನುವ ಕನ್ನಡಕ್ಕೆ ಇದು ಬೇಗ ಅರ್ಥವಾಗಬೇಕು.

1981ರ ಆಗಸ್ಟ್‌ನಲ್ಲಿ ಐ.ಬಿ.ಎಂ. ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಒಂದು ಮೇಜು, ಒಬ್ಬ ಮನುಷ್ಯ. ಅದನ್ನು ತೆರೆಯಲು ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಆದರೆ ಅದರೊಳಗೆ ಮುಂದಿನ ಬೀಗದ ಬೀಜವಿತ್ತು: ಕಂಟ್ರೋಲ್-ಆಲ್ಟ್-ಡಿಲೀಟ್. ಫ್ಲಾರಿಡಾದ ಬೊಕಾ ರೆಟನ್‌ನಲ್ಲಿ ಇದನ್ನು ರೂಪಿಸಿದ ಎಂಜಿನಿಯರ್ ಡೇವಿಡ್ ಬ್ರಾಡ್ಲಿ. ಸಿಕ್ಕಿಬಿದ್ದ ಯಂತ್ರವನ್ನು ಮತ್ತೆ ಚಾಲೂ ಮಾಡುವುದು ಆಗಿನ ಉದ್ದೇಶ. ಕೈತಪ್ಪಿ ಒತ್ತಿ ಕೆಲಸ ಹಾಳಾಗದಿರಲೆಂದು, ಎರಡೂ ಕೈ ಬೇಕಾಗುವಂತೆ ಕೀಗಳನ್ನು ಆರಿಸಿದ್ದರು. ಈ ಬ್ರಾಡ್ಲಿ ಮುಂದೆ ನಮ್ಮ ನೆರೆಯವರೇ ಆದರು. 1959ರಲ್ಲಿ ಸ್ಥಾಪನೆಯಾಗಿ, ಬಹುಪಾಲು ಡರ್ಹಮ್ ಕೌಂಟಿಯಲ್ಲೇ ಹರಡಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಐ.ಬಿ.ಎಂ. ಬಂದದ್ದು 1965ರಲ್ಲಿ. ಬ್ರಾಡ್ಲಿ 2004ರಲ್ಲಿ ನಿವೃತ್ತರಾದದ್ದು ಅಲ್ಲಿಂದಲೇ. ತಾನು ಕಂಡುಹಿಡಿದಿರಬಹುದು, ಪ್ರಸಿದ್ಧ ಮಾಡಿದ್ದು ಬಿಲ್ ಗೇಟ್ಸ್ ಎಂದು ಅವರು ಗೇಟ್ಸ್ ಎದುರಿಗೇ ತಮಾಷೆ ಮಾಡಿದ್ದುಂಟು. ಆ ಮಾತಿನಲ್ಲಿ ನಿಜವೂ ಇದೆ. 1993ರ ವಿಂಡೋಸ್ ಎನ್.ಟಿ. ಅದೇ ಮೂರು ಕೀಗಳನ್ನು ಒಳಬರುವ ಬಾಗಿಲಾಗಿಸಿತು. ಸಾಮಾನ್ಯ ಪ್ರೋಗ್ರಾಮುಗಳು ಆ ಕೀಗಳನ್ನು ನಡುವೆ ಹಿಡಿಯಲಾರವು, ಆದ್ದರಿಂದ ಪಾಸ್‌ವರ್ಡ್ ಕದಿಯುವ ನಕಲಿ ಪರದೆಯ ಆಟ ನಡೆಯದು. ಎದ್ದು ಹೋಗುವಾಗ ಬೀಗ ಹಾಕುವ ಗುಂಡಿಯೂ ಅಲ್ಲೇ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ವಿಂಡೋಸ್ ಮತ್ತು ಎಲ್ ಎಂಬ ಎರಡೇ ಕೀಗಳಿಗೆ ಇಳಿಸಿತು.

ಅದೇ ಹೊತ್ತಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ರೈತನಿಗೆ ಪ್ರತಿ ಸಿಗತೊಡಗಿತು. ಶಾನುಭೋಗರ ಕಾಲದ ಪ್ರಶ್ನೆ ಮತ್ತೆ ಎದ್ದಿತು: ಈ ಖಾತೆ ಬದಲಿಸಿದ ಕೈ ಯಾರದು? ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಿ ಹಂಚಿಕೊಳ್ಳಬಹುದು, ನಂತರ 'ಮಾಡಿದ್ದು ನಾನಲ್ಲ' ಎನ್ನಬಹುದು. ಆದ್ದರಿಂದ ಭೂಮಿಯಲ್ಲಿ ಸಿಬ್ಬಂದಿಯ ಬೆರಳಚ್ಚನ್ನೇ ಕೀಲಿ ಮಾಡಿದರು. ಬಳಪ ಹಿಡಿದ ಕೈ ಮತ್ತೆ ಲೆಕ್ಕಕ್ಕೆ ಸಾಕ್ಷಿಯಾಯಿತು.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಪಾಸ್‌ವರ್ಡ್ ಆಗಲಿ ಬೆರಳಚ್ಚಾಗಲಿ, ಒಳಗೆ ಬಂದವರು ಯಾರೆಂದು ಹೇಳುತ್ತದೆ. ಈಗ ಕುರ್ಚಿಯಲ್ಲಿ ಕೂತವರು ಯಾರೆಂದು ಹೇಳುವುದಿಲ್ಲ. ನೀವು ಎದ್ದುಹೋದ ಮೇಲೆ ಯಾರು ಏನು ಒತ್ತಿದರೂ ದಾಖಲೆಯಲ್ಲಿ ಬೀಳುವುದು ನಿಮ್ಮ ಹೆಸರು. ಆ ಸಂದನ್ನು ಮುಚ್ಚುವ ಸಾಧನವೇ ಪರದೆಯ ಬೀಗ.

ಅಮೆರಿಕದ ಕಾನೂನು ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಎನ್ರಾನ್, ವರ್ಲ್ಡ್‌ಕಾಮ್ ಹಗರಣಗಳ ನಂತರ ಬಂದ 2002ರ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯಿಂದಾಗಿ, ಲೆಕ್ಕದ ತಂತ್ರಾಂಶಕ್ಕೆ ಯಾರಿಗೆ ಪ್ರವೇಶವಿದೆ ಎಂಬುದನ್ನು ಪರಿಶೋಧಕರು ಪರೀಕ್ಷಿಸುತ್ತಾರೆ. ಆಸ್ಪತ್ರೆಗಳಿಗೆ ಅನ್ವಯಿಸುವ, 2003ರಲ್ಲಿ ಪ್ರಕಟವಾದ ಹಿಪಾ ಭದ್ರತಾ ನಿಯಮದಲ್ಲಿ, ಕೆಲಸವಿಲ್ಲದೆ ತೆರೆದಿರುವ ಕಂಪ್ಯೂಟರ್ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆಯ ಮಾತಿದೆ. ಕಾರ್ಡ್ ಪಾವತಿಯ ಉದ್ಯಮ 15 ನಿಮಿಷದ ಮಿತಿ ಇಟ್ಟಿದೆ. ಆದರೆ ಸಂದು ತೆರೆದುಕೊಳ್ಳಲು 15 ನಿಮಿಷ ಬೇಕಿಲ್ಲ, ಒಂದು ನಿಮಿಷ ಸಾಕು. ಅದಕ್ಕೆ ಯಂತ್ರದ ಗಡಿಯಾರವನ್ನು ಕಾಯದೆ ನಮ್ಮ ಕೈಯಿಂದಲೇ ಬೀಗ ಹಾಕಬೇಕು.

ವೀಸಾದ ಮೇಲೆ ದುಡಿಯುವ ನಮ್ಮ ಅನೇಕರಿಗೆ ಇದು ಇನ್ನೂ ದೊಡ್ಡ ಮಾತು. ಉದ್ಯೋಗ ಹೋದರೆ ಇಲ್ಲಿನ ವಾಸವೇ ಅಲುಗಾಡುತ್ತದೆ. ತನಿಖೆಗೆ ಕೂತವರು ಮೊದಲು ತೆರೆಯುವುದು ಯಂತ್ರದ ದಾಖಲೆಯನ್ನು, ನಮ್ಮ ಒಳ್ಳೆಯತನ ಅದರಲ್ಲಿ ನಮೂದಾಗಿರುವುದಿಲ್ಲ. ಮನೆಯಿಂದ ಕೆಲಸ ಮಾಡುವವರ ಮಾತೂ ಅಷ್ಟೆ. ಊಟದ ಮೇಜಿನ ಮೇಲೆ ತೆರೆದಿಟ್ಟ ಆಫೀಸ್ ಲ್ಯಾಪ್‌ಟಾಪಿನಲ್ಲಿ ಮಗು ಒತ್ತಿದ ಕೀ ಕೂಡ ನಿಮ್ಮ ಹೆಸರಿಗೇ ಬೀಳುತ್ತದೆ.

ಬೀಗ ಹಾಕಿದರೆ ಪಕ್ಕದ ಸಹೋದ್ಯೋಗಿಗೂ ಉಪಕಾರವೇ. ನಾಳೆ ಏನಾದರೂ ಎಡವಟ್ಟಾದರೆ ಅನುಮಾನ ಮೊದಲು ಹೋಗುವುದು ಹತ್ತಿರ ಕೂತವರ ಮೇಲೆ. ನಮ್ಮ ಹೆಸರು ನಮ್ಮ ಕೆಲಸಕ್ಕೆ ಮಾತ್ರ ಅಂಟಿರಲಿ, ಪರರ ಹೆಸರಿಗೆ ನಮ್ಮಿಂದ ಕಲೆ ತಾಗದಿರಲಿ. ವಿಂಡೋಸ್ ಇದ್ದವರು ವಿಂಡೋಸ್-ಎಲ್, ಮ್ಯಾಕ್ ಇದ್ದವರು ಕಂಟ್ರೋಲ್-ಕಮ್ಯಾಂಡ್-ಕ್ಯೂ. ಇಂದೇ ಬೆರಳಿಗೆ ಕಲಿಸಿ.