ಬಡ್ಡಿ ಎರಡೂ ಕಡೆಗೆ ಓಡಬೇಕು

1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಬಿಲ್ಲಿನ ಜಗಳ ಆಮೇಲೆ ಬಂತು. ತಡವಾಗಿ ಕಟ್ಟಿದ್ರೆ ಬಡ್ಡಿ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು. ಅವರೇ ಜಾಸ್ತಿ ವಸೂಲಿ ಮಾಡಿದ್ರೆ?

ಕರ್ನಾಟಕದಲ್ಲಿ ದರ ನಿಗದಿಗೆ 1999ರಲ್ಲಿ ಕೆಇಆರ್‌ಸಿ ಬಂತು, 2002ರಲ್ಲಿ ಬೆಸ್ಕಾಂ ಹುಟ್ಟಿತು. ಮರುವರ್ಷ ಕೇಂದ್ರದ ವಿದ್ಯುತ್ ಕಾಯ್ದೆ ಬಂತು. ಅದರ 62(6)ನೇ ಕಲಮಿನ ಪ್ರಕಾರ, ಆಯೋಗದ ದರಕ್ಕಿಂತ ಹೆಚ್ಚು ವಸೂಲಾದ ಹಣವನ್ನು ಗ್ರಾಹಕರು ಬ್ಯಾಂಕ್ ದರದ ಬಡ್ಡಿ ಸಮೇತ ವಾಪಸ್ ಪಡೆಯಬಹುದು. ವೈಟ್‌ಫೀಲ್ಡಿನ ಫ್ಲ್ಯಾಟಿಗೂ ಪೀಣ್ಯದ ಶೆಡ್ಡಿಗೂ ಇದೇ ಕಾನೂನು.

ಆದರೆ ತಕ್ಕಡಿ ಸಮ ಇಲ್ಲ. 2021ರಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರ ಶೇ 4.25; ಬಾಕಿ ಬಿಲ್ಲಿಗೆ ಬೆಸ್ಕಾಂ ಬಡ್ಡಿ ತಿಂಗಳಿಗೆ ಶೇ 1. ಅಂದ್ರೆ ಪೀಣ್ಯದ ಲೇತ್ ವರ್ಕ್‌ಶಾಪೊಂದು 10,000 ರೂಪಾಯಿಯನ್ನು ಒಂದು ವರ್ಷ ಬಾಕಿ ಉಳಿಸಿಕೊಂಡರೆ ಕಟ್ಟಬೇಕಾದ ಬಡ್ಡಿ 1,200. ಅದೇ ಮೊತ್ತ ಜಾಸ್ತಿ ಕಟ್ಟಿ ವರ್ಷ ಕಾದರೆ ಸಿಗೋದು 425. ದುಡಿಮೆ ಬಂಡವಾಳಕ್ಕೆ ಸಾಲ ತಂದವರಿಗೆ ಇದು ನಷ್ಟವೇ.

ಹಾಗಂತ ಆ 425 ಬಿಡಬೇಡಿ. ‘ಮುಂದಿನ ಬಿಲ್ಲಲ್ಲಿ ಅಡ್ಜಸ್ಟ್ ಮಾಡ್ತೀವಿ’ ಅಂದ್ರೆ, ಬಡ್ಡಿ ಎಲ್ಲಿ ಅಂತ ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ರೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಆ ಎರಡು ಮೆಟ್ಟಿಲನ್ನೂ ಕಟ್ಟಿಕೊಟ್ಟಿರೋದು ಇದೇ ಕಾಯ್ದೆ.