ಭದ್ರಾ ಹಿನ್ನೀರಿನ ಮೀನುಹದ್ದುಗಳು: ಗೂಡಿನ ಎಣಿಕೆ ಏಕೆ ಬೇಕು?

ಬೇಟೆಹಕ್ಕಿಯೊಂದು ಚೇತರಿಸಿಕೊಂಡಿದೆ ಎನ್ನಲು ಅದು ಕಣ್ಣಿಗೆ ಬಿದ್ದರೆ ಸಾಲದು. ಅದರ ಗೂಡಿನಿಂದ ಮರಿ ಹಾರಬೇಕು. ಅಮೆರಿಕದ ಬಾಲ್ಡ್ ಈಗಲ್ ಹದ್ದಿನ ಚರಿತ್ರೆ ಇದನ್ನೇ ಹೇಳುತ್ತದೆ. ಅಲಾಸ್ಕಾ ಬಿಟ್ಟು ಉಳಿದ ಭೂಭಾಗದಲ್ಲಿ 1963ರ ಹೊತ್ತಿಗೆ ಗೂಡು ಕಟ್ಟುತ್ತಿದ್ದ ಜೋಡಿಗಳು 417 ಮಾತ್ರ. ಹೊಲಕ್ಕೆ ಸಿಂಪಡಿಸಿದ ಡಿಡಿಟಿ ಕೀಟನಾಶಕ ನೀರಿಗಿಳಿದು, ಮೀನಿನ ಕೊಬ್ಬಿನಲ್ಲಿ ಶೇಖರವಾಗಿ, ಹದ್ದಿನ ಒಡಲು ಸೇರಿ, ಮೊಟ್ಟೆಯ ಚಿಪ್ಪಿಗೆ ಸುಣ್ಣ ಸೇರದಂತೆ ಮಾಡುತ್ತಿತ್ತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2007ರಲ್ಲಿ ಜೋಡಿಗಳು ಸುಮಾರು 9,800ಕ್ಕೆ ಏರಿ, ಹಕ್ಕಿ ಅಪಾಯದ ಪಟ್ಟಿಯಿಂದ ಹೊರಬಂತು.

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಸೀಮೆಯಲ್ಲಿ ಆ ಹದ್ದಿಲ್ಲ, ಅದರ ಬಳಗವಿದೆ. ಕೆರೆಯಂಗಳದ ಮೇಲೆ ಸುತ್ತುವ ಬಿಳಿತಲೆಯ ಗರುಡ ಅದರ ಹತ್ತಿರದ ನೆಂಟ. ಇದೇ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಮರಗಳ ಬೋಳು ಕೊರಡುಗಳು ಇಂದಿಗೂ ಹಿನ್ನೀರಿನಲ್ಲಿ ನಿಂತಿವೆ. ಬೂದುತಲೆಯ ಮೀನುಹದ್ದು ಇಂಥ ಕೊರಡಿನ ಮೇಲೆ ಗಂಟೆಗಟ್ಟಲೆ ಅಲುಗದೆ ಕೂರುತ್ತದೆ. ಬಿಳಿ ಹೊಟ್ಟೆ, ಬಿಳಿ ಬಾಲದ ತುದಿಗೆ ಅಗಲವಾದ ಕಪ್ಪು ಪಟ್ಟಿ: ಗುರುತಿಗೆ ಇಷ್ಟು ಸಾಕು. ಚಳಿಗಾಲದಲ್ಲಿ ಬರುವ ಆಸ್ಪ್ರೆಯ ಕಣ್ಣಿನ ಮೇಲೆ ಕಪ್ಪು ಗೆರೆ ಹಾಯ್ದಿರುತ್ತದೆ. ಅದು ರೆಕ್ಕೆ ಬಡಿಯುತ್ತ ಆಕಾಶದಲ್ಲೇ ನಿಂತು, ಕಾಲು ಮುಂದೆ ಮಾಡಿ ನೀರಿಗೆ ಧುಮುಕುತ್ತದೆ. ಹಿಡಿದ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡೇ ಹಾರುತ್ತದೆ.

ಛಾಯಾಗ್ರಾಹಕರ ಪ್ರೀತಿಯೆಲ್ಲ ಆಸ್ಪ್ರೆಯ ಮೇಲೆ. ಆದರೆ ಅದು ಮರಿ ಮಾಡುವುದು ದೂರದ ಉತ್ತರದ ನೆಲದಲ್ಲಿ. ಅದರ ಸಂಖ್ಯೆ ಏರಿದರೂ ಇಳಿದರೂ ಕಾರಣವನ್ನು ಭದ್ರೆಯೊಂದರಲ್ಲೇ ಹುಡುಕಲಾಗದು. ಬೂದುತಲೆಯ ಮೀನುಹದ್ದು ಮತ್ತು ಗರುಡ ಹಾಗಲ್ಲ. ಇಲ್ಲಿಯ ಮೀನು ತಿಂದು, ಇಲ್ಲಿಯ ಎತ್ತರದ ಮರಗಳಲ್ಲೇ ಗೂಡು ಕಟ್ಟುವ ಹಕ್ಕಿಗಳವು. ತೋಟ, ಗದ್ದೆಗಳಿಂದ ಹರಿದು ಬರುವ ಔಷಧಿಯ ಪರಿಣಾಮ ಮೊದಲು ಕಾಣಬೇಕಾದದ್ದು ಅವುಗಳ ಮೊಟ್ಟೆಯಲ್ಲಿ. ಭಾರತದಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತದ್ದು 1989ರಲ್ಲಿ. ಸೊಳ್ಳೆ ನಿಯಂತ್ರಣಕ್ಕೆ ಆಮೇಲೂ ಬಳಕೆಯಾಯಿತು.

ಆದ್ದರಿಂದ ನವೆಂಬರಿನಿಂದ ಮೇವರೆಗೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ದೂರದಿಂದಲೇ ದುರ್ಬೀನಿನಲ್ಲಿ ಗೂಡುಗಳನ್ನು ಗುರುತಿಸಿ, ಪ್ರತಿ ಗೂಡಿನಿಂದ ಎಷ್ಟು ಮರಿ ಹಾರಿದವೆಂದು ವರ್ಷ ವರ್ಷವೂ ಬರೆದಿಡಬೇಕು. ಹಿನ್ನೀರಿನ ಪ್ರತಿ ತಿರುವನ್ನೂ ಬಲ್ಲ ಮೀನುಗಾರರನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಲೇಬೇಕು. ತರೀಕೆರೆ, ಕಡೂರು, ಅಜ್ಜಂಪುರದ ಕಾಲೇಜುಗಳ ಪ್ರಾಣಿಶಾಸ್ತ್ರ ಅಧ್ಯಾಪಕರು ಇದನ್ನು ಮುಂದಿನ ಚಳಿಗಾಲದಲ್ಲೇ ಕೈಗೆತ್ತಿಕೊಳ್ಳಲಿ.